ಸಮುದ್ರದಲ್ಲಿ ತೆಗೆಯುವ ಎಣ್ಣೆ, ಮಾಡುವ ಕರೆಂಟಿನ ಬಗ್ಗೆ ಆರು ವಾರದ ಕೋರ್ಸ್: ಕೊಟ್ಟ ದುಡ್ಡಿಗೆ ಏನು ಸಿಕ್ಕಿತು

ಕೊಡಗಿನಲ್ಲಿ ಕೂತುಕೊಂಡು ಸಮುದ್ರದ ಕೋರ್ಸ್ ಯಾಕೆ ಅಂತ ಮನೆಯಲ್ಲೇ ಕೇಳಿದರು. ನಮ್ಮದು ಮಾದಾಪುರದ ಹತ್ತಿರ ಸಣ್ಣ ಕಾಫಿ ತೋಟ. ಸಮುದ್ರ ನೋಡಬೇಕು ಅಂದರೆ ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಹೋಗಬೇಕು. ಆದರೂ ಮೂರೂವರೆ ಸಾವಿರ ರೂಪಾಯಿ ಕಟ್ಟಿ ಸೇರಿದೆ. ಆರು ವಾರದ ಆನ್‌ಲೈನ್ ಕೋರ್ಸ್. ಶನಿವಾರ ಸಂಜೆ ಏಳಕ್ಕೆ ಲೈವ್ ಕ್ಲಾಸ್, ಉಳಿದ ದಿನ ರೆಕಾರ್ಡ್ ಮಾಡಿದ ವಿಡಿಯೋ, ಕೊನೆಗೆ ಒಂದು ಗುಂಪು ಕೆಲಸ. ಸಮುದ್ರದೊಳಗೆ ಎಣ್ಣೆ, ಗ್ಯಾಸ್ ತೆಗೆಯುವುದು, ಗಾಳಿಯಂತ್ರ ನೆಟ್ಟು ಕರೆಂಟ್ ಮಾಡುವುದು, ಇದರಿಂದ ಮೀನಿಗೆ, ಹಕ್ಕಿಗೆ, ಮನುಷ್ಯರಿಗೆ ಏನಾಗುತ್ತದೆ, ಅದನ್ನು ತೂಗಿ ನೋಡುವವರು ಯಾರು, ಕಾನೂನು ಎಲ್ಲಿ ಹಿಡಿಯುತ್ತದೆ, ಎಲ್ಲಿ ಬಿಡುತ್ತದೆ. ಇಷ್ಟು ವಿಷಯ.

ನಡೆಸುವವರ ಹೆಸರು ಬರೆಯುತ್ತಿಲ್ಲ. ಕೆಲವು ದೂರುಗಳಿವೆ, ಅವನ್ನು ಅವರಿಗೇ ಬರೆದು ಕಳಿಸಿದ್ದೇನೆ. ಇಂಥ ಯಾವುದೇ ಕೋರ್ಸ್‌ಗೆ ದುಡ್ಡು ಕಟ್ಟುವ ಮೊದಲು ಏನೇನು ಕೇಳಿಕೊಳ್ಳಬೇಕು ಅಂತ ಬೇರೆಯವರಿಗೆ ಗೊತ್ತಾಗಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಸೇರಿದ್ದು ಅಕ್ಕನ ಮಗನ ಮಾತಿನಿಂದ. ಅವನು ಸಮುದ್ರದ ತಳ ಅಳೆಯುವ ಹಡಗಿನಲ್ಲಿ ಕೆಲಸ ಮಾಡುತ್ತಾನೆ. ರಜೆಗೆ ಬಂದಾಗ ನನ್ನ ಮಳೆ ಪುಸ್ತಕ ತಿರುವಿ ನೋಡಿ, "ಮಾವ, ನಮ್ಮ ಕೆಲಸನೂ ಇದೇ. ಮೊದಲು ಏನಿತ್ತು ಅಂತ ಬರೆದಿಡದಿದ್ರೆ ಆಮೇಲೆ ಏನು ಹೋಯ್ತು ಅಂತ ಯಾರೂ ಹೇಳೋಕಾಗಲ್ಲ" ಅಂದ. ಆ ಮಾತು ಮನಸ್ಸಲ್ಲಿ ಉಳಿಯಿತು. ಕೊಡಗಿನ ತೋಟದವರಿಗೆ ಮಳೆ ಪುಸ್ತಕ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ದಿನಾ ಬೆಳಿಗ್ಗೆ ಅಳತೆ ನೋಡಿ ಇಷ್ಟು ಇಂಚು, ಇಷ್ಟು ಸೆಂಟ್ಸ್ (ಇಂಚಿನ ನೂರನೇ ಪಾಲು) ಅಂತ ಬರೆಯುವುದು. ನಮ್ಮ ಅಪ್ಪ ಬರೆದದ್ದು, ಈಗ ನಾನು ಬರೆಯುವುದು. 2018ರ ಆಗಸ್ಟ್‌ನಲ್ಲಿ ನಮ್ಮ ಸುತ್ತಮುತ್ತ ಗುಡ್ಡಗಳು ಜರಿದವಲ್ಲ, ಆಗ ಇಂಥ ಮಳೆ ಹಿಂದೆ ಬಂದಿತ್ತಾ ಇಲ್ವಾ ಅಂತ ಎಲ್ಲರೂ ವಾದ ಮಾಡುತ್ತಿದ್ದರು. ನಾವು ಹಳೇ ಪುಸ್ತಕ ತೆಗೆದು ನೋಡಿದೆವು. ಪುಸ್ತಕ ಇಲ್ಲದಿದ್ದರೆ ಅದು ಸುಮ್ನೆ ಬಾಯಿಮಾತಿನ ಜಗಳ ಆಗುತ್ತಿತ್ತು.

ಮೊದಲ ವಾರದ ಕ್ಲಾಸ್ ಪೂರ್ತಿ ಇದರ ಮೇಲೆಯೇ. ಒಂದು ಕಂಬ ನೆಡುವ ಮೊದಲೇ ಆ ಜಾಗದಲ್ಲಿ ಯಾವ ಮೀನು, ಯಾವ ಹಕ್ಕಿ, ಯಾವ ಕಾಲದಲ್ಲಿ, ಎಷ್ಟು ಅಂತ ಕನಿಷ್ಠ ಎರಡು ವರ್ಷವಾದರೂ ನೋಡಿ ಬರೆದಿಡಬೇಕು ಅಂತ ಪಾಠ ಮಾಡುವ ಮೇಡಂ ಒತ್ತಿ ಹೇಳಿದರು. ಒಂದೇ ವರ್ಷ ಸಾಲುವುದಿಲ್ಲ, ಯಾಕೆಂದರೆ ಒಂದು ವರ್ಷದ ಹಾಗೆ ಇನ್ನೊಂದು ವರ್ಷ ಇರುವುದಿಲ್ಲ. ಇದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಒಂದು ವರ್ಷ ಫೆಬ್ರವರಿಯಲ್ಲಿ ಬಂದರೆ ಇನ್ನೊಂದು ವರ್ಷ ಏಪ್ರಿಲ್ ಆದರೂ ಬರುವುದಿಲ್ಲ.

ನಮ್ಮ ದೇಶದ ಸ್ಥಿತಿಯನ್ನೂ ಅದೇ ಕ್ಲಾಸಿನಲ್ಲಿ ಬೇಗ ಬೇಗ ಹೇಳಿ ಮುಗಿಸಿದರು. ಸಮುದ್ರದ ಗಾಳಿ ವಿದ್ಯುತ್ ನೀತಿ ಬಂದದ್ದು 2015ರಲ್ಲಿ. ಚೆನ್ನೈನಲ್ಲಿರುವ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆ ಅದರ ಉಸ್ತುವಾರಿ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ 2017ರಲ್ಲಿ ಗಾಳಿ ಅಳೆಯುವ ಲೈಡಾರ್ ಯಂತ್ರ ಇಟ್ಟರು. ಸಮುದ್ರದ ಜಾಗವನ್ನು ಲೀಸ್‌ಗೆ ಕೊಡುವ ನಿಯಮ 2023ರಲ್ಲಿ ಬಂತು. 2024ರ ಜೂನ್‌ನಲ್ಲಿ ಕೇಂದ್ರ ಸಂಪುಟ 7,453 ಕೋಟಿ ರೂಪಾಯಿಯ ನೆರವಿಗೆ ಒಪ್ಪಿತು, ಗುಜರಾತಿನ ಕಡಲಲ್ಲಿ 500 ಮೆಗಾವ್ಯಾಟ್, ತಮಿಳುನಾಡಿನ ಕಡಲಲ್ಲಿ 500 ಮೆಗಾವ್ಯಾಟ್ ಅಂತ. ಆ ಮೊದಲ ಪಾಲಿನಲ್ಲಿ ಕರ್ನಾಟಕ ಇಲ್ಲ. ಹಾಗಾಗಿ ನಮಗೆ ಸಂಬಂಧ ಇಲ್ಲ ಅಂತ ಅಂದುಕೊಳ್ಳಬೇಡಿ. ಪುಸ್ತಕ ಬರೆಯಲು ಶುರು ಮಾಡಬೇಕಾದದ್ದು ಯೋಜನೆ ಬರುವ ಮೊದಲೇ ಅಲ್ವಾ?

ಕೋರ್ಸಿನ ಜೀವ ಇರುವುದು ಮೂರನೇ ವಾರದಲ್ಲಿ. ಅದೊಂದಕ್ಕೇ ನಾನು ಕೊಟ್ಟ ದುಡ್ಡು ಬಂತು. ಪ್ರಶ್ನೆ ತುಂಬ ಸರಳ: ತೂಗುವವರು ಯಾರು?

ಸ್ಕಾಟ್ಲೆಂಡಿನ ಆಚೆ ಉತ್ತರ ಸಮುದ್ರದಲ್ಲಿ ಪೈಪರ್ ಆಲ್ಫಾ ಅಂತ ಎಣ್ಣೆ, ಗ್ಯಾಸ್ ತೆಗೆಯುವ ಕಟ್ಟೆ (ಪ್ಲಾಟ್‌ಫಾರ್ಮ್) ಇತ್ತು. 1988ರ ಜುಲೈ 6ರ ರಾತ್ರಿ ಅದು ಹೊತ್ತಿ ಉರಿದು 167 ಜನ ಸತ್ತರು. ಲಾರ್ಡ್ ಕಲನ್ ನಡೆಸಿದ ವಿಚಾರಣೆಯ ವರದಿ 1990ರಲ್ಲಿ ಬಂತು, 106 ಶಿಫಾರಸು. ಅದರಲ್ಲಿ ದೊಡ್ಡದು ಏನೆಂದರೆ, ಎಣ್ಣೆ ತೆಗೆಯಲು ಉತ್ಸಾಹ ಕೊಡುವ ಇಲಾಖೆಯ ಕೈಯಿಂದ ಸುರಕ್ಷತೆ ನೋಡುವ ಕೆಲಸವನ್ನು ತೆಗೆದು ಬೇರೆ ಸಂಸ್ಥೆಗೆ ಕೊಡಬೇಕು ಅನ್ನುವುದು. ಹಾಗೇ ಮಾಡಿದರು. ಆದರೆ ಆ ಪಾಠ ಅಟ್ಲಾಂಟಿಕ್ ದಾಟಲಿಲ್ಲ. ಅಮೆರಿಕದಲ್ಲಿ ಸಮುದ್ರದ ಜಾಗ ಲೀಸ್‌ಗೆ ಕೊಡುವುದು, ಅದರಿಂದ ಬರುವ ದುಡ್ಡು ವಸೂಲಿ ಮಾಡುವುದು, ಅಲ್ಲೇ ಹೋಗಿ ಸುರಕ್ಷತೆ ತಪಾಸಣೆ ಮಾಡುವುದು, ಮೂರೂ ಒಂದೇ ಕಚೇರಿಯ ಕೆಲಸ ಆಗಿತ್ತು. 2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಅನ್ನುವ ಎಣ್ಣೆ ಬಾವಿ ಕೊರೆಯುವ ಕಟ್ಟೆ ಸಿಡಿಯಿತು. 11 ಜನ ಸತ್ತರು, 87 ದಿನ ಎಣ್ಣೆ ಸಮುದ್ರಕ್ಕೆ ಹರಿಯಿತು. ಆಮೇಲೆ 2011ರ ಹೊತ್ತಿಗೆ ಆ ಒಂದು ಕಚೇರಿಯನ್ನು ಮೂರು ಪಾಲು ಮಾಡಿದರು.

ಇದನ್ನು ಕೇಳುವಾಗ ನನಗೆ ನೆನಪಾದದ್ದು ಕಾಫಿ ಒಟಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಒಣಗಿದ ಕಾಫಿ ಹಣ್ಣನ್ನು 50 ಕೆಜಿ ಚೀಲದ ಲೆಕ್ಕದಲ್ಲಿ ಮಾರುತ್ತೇವೆ. ಸಿಪ್ಪೆ ತೆಗೆದರೆ ಅದರಲ್ಲಿ ಎಷ್ಟು ಕೆಜಿ ಬೀಜ ಸಿಗುತ್ತದೆ ಅನ್ನುವುದು ಔಟ್‌ಟರ್ನ್, ನಮ್ಮ ಬಾಯಲ್ಲಿ ಒಟಿ. ಚೀಲದಿಂದ ಸ್ವಲ್ಪ ತೆಗೆದು, ಸಿಪ್ಪೆ ಬಿಡಿಸಿ, ತೂಗಿ, ತೇವಾಂಶ ನೋಡಿ, 26 ಅಂತಲೋ 28 ಅಂತಲೋ ಹೇಳುತ್ತಾರೆ. ಆ ಎರಡು ಅಂಕಿಯ ವ್ಯತ್ಯಾಸದಲ್ಲಿ ಒಂದು ಮನೆಯ ವರ್ಷದ ಖರ್ಚು ಆಚೀಚೆ ಆಗುತ್ತದೆ. ಹೇಳುವವರು ಯಾರು? ಕೊಳ್ಳುವವರೇ. ಅವರು ಮೋಸ ಮಾಡುತ್ತಾರೆ ಅಂತ ನಾನು ಹೇಳುತ್ತಿಲ್ಲ, ತುಂಬಾ ಜನ ನಿಯತ್ತಿನವರು. ಆದರೆ ತಕ್ಕಡಿ ಅವರ ಕೈಯಲ್ಲಿ ಇದೆ, ಲಾಭವೂ ಅವರ ಕೈಯಲ್ಲೇ ಇದೆ. ಅದಕ್ಕೇ ನಮ್ಮಲ್ಲಿ ಎಷ್ಟೋ ಜನ ಮನೆಯಲ್ಲೇ ಒಂದು ಸಲ ಒಟಿ ನೋಡಿಕೊಂಡು ಆಮೇಲೆ ಮಾರಲು ಹೋಗುತ್ತಾರೆ. ಸಮುದ್ರದ ವಿಷಯದಲ್ಲೂ ಕೇಳಬೇಕಾದದ್ದು ಇದನ್ನೇ. ಈ ಹೋಲಿಕೆಯನ್ನು ಲೈವ್ ಕ್ಲಾಸಿನಲ್ಲಿ ಹೇಳಿದೆ. ಮೇಡಂ ಹತ್ತು ನಿಮಿಷ ಅದರ ಮೇಲೆಯೇ ಮಾತಾಡಿಸಿದರು. ಸುಮ್ನೆ ಸ್ಲೈಡ್ ಓದಿ ಹೋಗುವ ಟೀಚರ್ ಅಲ್ಲ ಅವರು.

ನಮ್ಮ ದೇಶದ ಕಥೆಯೂ ಬಂತು. ಮುಂಬೈ ಆಚೆ ಸಮುದ್ರದಲ್ಲಿರುವ ಬಾಂಬೆ ಹೈನಲ್ಲಿ ಎಣ್ಣೆ ಸಿಕ್ಕಿದ್ದು 1974ರಲ್ಲಿ. 2005ರ ಜುಲೈ 27ರಂದು ಅಲ್ಲಿನ ಉತ್ತರದ ಕಟ್ಟೆ ಬೆಂಕಿಗೆ ಹೋಯಿತು. ಹಡಗಿನಲ್ಲಿ ಅಡುಗೆಯವರ ಬೆರಳಿಗೆ ಪೆಟ್ಟಾಗಿತ್ತು, ಅವರನ್ನು ಚಿಕಿತ್ಸೆಗೆ ಕಟ್ಟೆಗೆ ಹತ್ತಿಸಲು ಹಡಗು ಹತ್ತಿರ ಬಂದಾಗ ಗ್ಯಾಸ್ ಮೇಲೆ ತರುವ ಪೈಪಿಗೆ ತಾಗಿತು. 22 ಜನ ಸತ್ತರು. ಮಳೆಗಾಲದ ಸಮುದ್ರ, ದೊಡ್ಡ ಅಲೆ, ಯಾರಿಗೋ ಸಹಾಯ ಮಾಡಲು ಹೋದ ಹಡಗು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಮೂರು ವರ್ಷದ ಮೇಲೆ, 2008ರಲ್ಲಿ, ಸಮುದ್ರದ ಎಣ್ಣೆ ಕೆಲಸಕ್ಕೆ ಪ್ರತ್ಯೇಕ ಸುರಕ್ಷತಾ ನಿಯಮ ಬಂತು. ಅದನ್ನು ಜಾರಿ ಮಾಡುವುದು ತೈಲ ಉದ್ಯಮ ಸುರಕ್ಷತಾ ನಿರ್ದೇಶನಾಲಯ. ಅದು ಇರುವುದು ಪೆಟ್ರೋಲಿಯಂ ಸಚಿವಾಲಯದ ಕೆಳಗೆ. ಎಣ್ಣೆ ಜಾಸ್ತಿ ತೆಗೆಯಿರಿ ಅನ್ನುವ ಸಚಿವಾಲಯವೂ ಅದೇ. ಅಲ್ಲಿರುವ ಅಧಿಕಾರಿಗಳು ಒಳ್ಳೆಯವರೇ ಇರಬಹುದು, ಆದರೆ ಪೈಪರ್ ಆಲ್ಫಾ ಆದಮೇಲೆ ಬ್ರಿಟನ್ ಯಾವ ಗಂಟನ್ನು ಬಿಚ್ಚಿತೋ ಆ ಗಂಟು ನಮ್ಮಲ್ಲಿ ಇನ್ನೂ ಹಾಗೇ ಇದೆ ಅಂತ ನನಗೆ ಅನ್ನಿಸುತ್ತದೆ.

ನಾಲ್ಕನೇ ವಾರ ಕಾನೂನು. ಇದು ಸ್ವಲ್ಪ ಒಣ. ಆದರೆ ಎರಡು ವಿಷಯ ಎಲ್ಲರಿಗೂ ಗೊತ್ತಿರಬೇಕು. ಯಾವ ಯೋಜನೆಗೆ ಪರಿಸರ ಅನುಮತಿ ಬೇಕು ಅಂತ ಹೇಳುವುದು 2006ರ ಅಧಿಸೂಚನೆ. ಸಮುದ್ರದಲ್ಲಿ ಎಣ್ಣೆ ಹುಡುಕುವ ಕೆಲಸ ಅದರಲ್ಲಿ 'ಎ' ವರ್ಗದಲ್ಲಿತ್ತು. 2020ರ ಜನವರಿಯ ತಿದ್ದುಪಡಿಯಲ್ಲಿ ಹುಡುಕುವ ಹಂತವನ್ನು 'ಬಿ2' ವರ್ಗಕ್ಕೆ ಇಳಿಸಿದರು. ಬಿ2 ಅಂದರೆ ಪೂರ್ತಿ ಪರಿಣಾಮದ ವರದಿಯೂ ಬೇಡ, ಜನರ ಅಹವಾಲು ಸಭೆಯೂ ಬೇಡ. ಎಣ್ಣೆ ಸಿಕ್ಕಿ ತೆಗೆಯಲು ಶುರು ಮಾಡುವಾಗ ಮಾತ್ರ ಅವೆಲ್ಲ. ಇನ್ನೊಂದು, ಗಾಳಿ ವಿದ್ಯುತ್ ಆ ಪಟ್ಟಿಯಲ್ಲೇ ಇಲ್ಲ. ಹೊಗೆ ಇಲ್ಲ, ಬೂದಿ ಇಲ್ಲ, ಹಾಗಾಗಿ ಬಿಟ್ಟಿದ್ದಾರೆ. ನನಗೆ ಗಾಳಿ ಕರೆಂಟ್ ಬೇಕು. ಹವಾಮಾನ ಕೆಟ್ಟರೆ ಏನಾಗುತ್ತದೆ ಅಂತ ಕೊಡಗಿನವರಿಗೆ ಯಾರೂ ಪಾಠ ಮಾಡಬೇಕಾಗಿಲ್ಲ. ಆದರೆ ಬೇಕು ಅಂದಮಾತ್ರಕ್ಕೆ ತೂಗದೇ ತೆಗೆದುಕೊಳ್ಳುವುದಾ? ಮೈಸೂರಿನಿಂದ ಕೋಯಿಕ್ಕೋಡಿಗೆ 400 ಕೆವಿ ಲೈನ್ ದಕ್ಷಿಣ ಕೊಡಗಿನ ಮೂಲಕ ಹೋದಾಗ ಸಾವಿರಾರು ಮರ ಬಿದ್ದವು. ಕರೆಂಟ್ ಲೈನಿಗೂ ಹೊಗೆ ಇಲ್ಲ.

ನಾನು ಕೇಳಿದ ಒಂದು ಪ್ರಶ್ನೆಗೆ ಮಾತ್ರ ನೇರ ಉತ್ತರ ಸಿಗಲಿಲ್ಲ, ಅದು ಟೀಚರ್ ತಪ್ಪಲ್ಲ. ಅಹವಾಲು ಸಭೆಗೆ 30 ದಿನ ಮೊದಲು ನೋಟಿಸ್ ಕೊಡಬೇಕು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಇರಬೇಕು, ಸಭೆ ಆಯಾ ಜಿಲ್ಲೆಯಲ್ಲೇ ಆಗಬೇಕು. ಸರಿ, ದಡದಿಂದ ಐವತ್ತು ಕಿಲೋಮೀಟರ್ ಆಚೆಯ ನೀರು ಯಾವ ಜಿಲ್ಲೆ? ಕರೆಂಟ್ ತರುವ ಕೇಬಲ್ ದಡ ಮುಟ್ಟುವ ಜಿಲ್ಲೆಯನ್ನು ಹಿಡಿಯಬೇಕಾದೀತು, ಆದರೆ ಆ ನೀರಿನಲ್ಲಿ ಮೀನು ಹಿಡಿಯುವ ಬೋಟು ಮೂರು ನಾಲ್ಕು ಜಿಲ್ಲೆಯಿಂದ ಬರುತ್ತದೆ, ಅವರನ್ನೆಲ್ಲ ಕರೆಯುವ ದಾರಿ ಹುಡುಕಬೇಕು ಅಂತ ಮೇಡಂ ಅಂದರು.

ಐದನೇ ವಾರ ನನಗೆ ತುಂಬಾ ಇಷ್ಟವಾಯಿತು. ಗಾಳಿಯಂತ್ರದ ಬುಡಕ್ಕೆ ದಪ್ಪ ಉಕ್ಕಿನ ಕೊಳವೆಯನ್ನು ಸಮುದ್ರದ ತಳಕ್ಕೆ ಬಡಿದು ಇಳಿಸುತ್ತಾರೆ. ಆ ಸದ್ದು ನೀರಿನಲ್ಲಿ ಬಹಳ ದೂರ ಹೋಗುತ್ತದೆ. ಡಾಲ್ಫಿನ್ ತರಹದ ಪ್ರಾಣಿಗಳು ಸದ್ದಿನಿಂದಲೇ ದಾರಿ ಕಾಣುವುದು, ಸದ್ದಿನಿಂದಲೇ ಊಟ ಹುಡುಕುವುದು. ಜರ್ಮನಿಯಲ್ಲಿ ಕೆಲಸದ ಜಾಗದಿಂದ 750 ಮೀಟರ್ ದೂರದಲ್ಲಿ ಸದ್ದು 160 ಡೆಸಿಬೆಲ್ ದಾಟಬಾರದು ಅಂತ ಮಿತಿ ಹಾಕಿದ್ದಾರೆ. ಮಿತಿ ಹಾಕಿದ ಮೇಲೆ ಉಪಾಯವೂ ಹುಟ್ಟಿತು. ಸುತ್ತಲೂ ತೂತು ಇರುವ ಪೈಪ್ ಹಾಸಿ ಗಾಳಿ ಬಿಡುತ್ತಾರೆ, ಗುಳ್ಳೆಗಳು ಪರದೆ ಹಾಗೆ ಮೇಲೇಳುತ್ತವೆ, ಸದ್ದು ಅಲ್ಲೇ ಕುಗ್ಗುತ್ತದೆ. ಆ ವಿಡಿಯೋವನ್ನು ಮಕ್ಕಳಿಗೂ ತೋರಿಸಿದೆ.

ನೆದರ್ಲೆಂಡ್ಸ್‌ನವರದ್ದು ಇನ್ನೂ ಚೆನ್ನ. 2023ರ ಮೇ ತಿಂಗಳ ಒಂದು ರಾತ್ರಿ, ವಲಸೆ ಹಕ್ಕಿಗಳ ದೊಡ್ಡ ಹಿಂಡು ಬರುತ್ತದೆ ಅಂತ ಮೊದಲೇ ಲೆಕ್ಕ ಹಾಕಿ, ಬೋರ್ಸೆಲ ಅನ್ನುವ ಕಡಲ ಜಾಗದ ಗಾಳಿಯಂತ್ರಗಳನ್ನು ನಾಲ್ಕು ಗಂಟೆ ಬಹುತೇಕ ನಿಲ್ಲಿಸಿದರು. ನಿಮಿಷಕ್ಕೆ ಎರಡು ಸುತ್ತಿಗಿಂತ ಜಾಸ್ತಿ ತಿರುಗದ ಹಾಗೆ. ಹಕ್ಕಿ ಹಾದುಹೋಗಲಿ ಅಂತ ಒಂದು ದೇಶ ಕರೆಂಟ್ ಬಿಟ್ಟುಕೊಟ್ಟಿದೆ ಅಂತ ಕೇಳಿ ಮನಸ್ಸು ತುಂಬಿ ಬಂತು. ಗಾಳಿಯಂತ್ರದ ಬುಡದಲ್ಲಿ ಚಿಪ್ಪುಜೀವಿಗಳು ಅಂಟಿಕೊಂಡು ಮೀನಿಗೆ ಆಸರೆ ಆಗುವುದೂ ಇದೆ, ಅದನ್ನೂ ಪ್ರಾಮಾಣಿಕವಾಗಿ ಹೇಳಿದರು. ಕೆಟ್ಟದ್ದನ್ನು ಮಾತ್ರ ಹೇಳಿ ಹೆದರಿಸುವ ಕೋರ್ಸ್ ಅಲ್ಲ. ಡೆನ್ಮಾರ್ಕ್ 1991ರಲ್ಲಿ ವಿಂಡೆಬಿಯ ಕಡಲಲ್ಲಿ 11 ಗಾಳಿಯಂತ್ರ ನೆಟ್ಟಿತು, ಕಡಲಿನ ಗಾಳಿ ವಿದ್ಯುತ್‌ನಲ್ಲಿ ಲೋಕದಲ್ಲೇ ಮೊದಲನೆಯದು. 2017ರಲ್ಲಿ ಎಲ್ಲವನ್ನೂ ಕಳಚಿ ದಡಕ್ಕೆ ತಂದರು. ಕೊನೆಗೆ ಕಿತ್ತು ತೆಗೆಯುವ ಖರ್ಚನ್ನೂ ಮೊದಲ ದಿನವೇ ತಕ್ಕಡಿಗೆ ಹಾಕಬೇಕು ಅಂತ ಈ ಉದಾಹರಣೆಯಿಂದ ಅರ್ಥವಾಯಿತು.

ಈಗ ದೂರುಗಳು.

ಗಾಳಿಯಂತ್ರದ ಉದಾಹರಣೆ ಬಹುತೇಕ ಉತ್ತರ ಸಮುದ್ರದ್ದು. ನಮ್ಮ ಅರಬ್ಬಿ ಸಮುದ್ರಕ್ಕೆ ಮುಂಗಾರು ಅಂತ ಒಂದಿದೆ. ಜೂನ್‌ನಲ್ಲಿ ನಮ್ಮ ತೋಟದ ಸಿಲ್ವರ್ ಓಕ್ ಬಗ್ಗಿಸುವ ಗಾಳಿ ಆ ಸಮುದ್ರದ ಮೇಲಿಂದ ಬಂದದ್ದು. ಆ ಎರಡು ಮೂರು ತಿಂಗಳು ಸಮುದ್ರದಲ್ಲಿ ಹಕ್ಕಿ, ಮೀನು ಎಣಿಸುವುದು ಹೇಗೆ? ಬರೀ ಬೇಸಿಗೆಯಲ್ಲಿ ಎಣಿಸಿದರೆ ಅದು ಅರ್ಧ ಪುಸ್ತಕ. ಮಳೆ ಮುಗಿದ ಮೇಲೆ ಗದ್ದೆ ಮೇಲೆಲ್ಲ ಏರೋಪ್ಲೇನ್ ಚಿಟ್ಟೆ ಹಾರುತ್ತವಲ್ಲ, ಅದರಲ್ಲಿ ಒಂದು ಜಾತಿ ಭಾರತದಿಂದ ಮಾಲ್ಡೀವ್ಸ್ ಮೇಲೆ ಹಾದು ಆಫ್ರಿಕಾ ಕಡೆಗೆ ಸಮುದ್ರ ದಾಟುತ್ತದೆ ಅಂತ ವಿಜ್ಞಾನಿಗಳು ಹೇಳುತ್ತಾರೆ. ಇಂಥದ್ದು ಒಂದೂ ಪಾಠದಲ್ಲಿ ಇರಲಿಲ್ಲ. ತಮಿಳುನಾಡಿನ ಕಡಲ ವಿಷಯ ಬಂದಾಗಲೂ ಮನ್ನಾರ್ ಕೊಲ್ಲಿಯ ಹವಳ, ಕಡಲಹಸುವಿನ (ಡುಗಾಂಗ್) ಮೇಲೆ ಎರಡೇ ಸ್ಲೈಡ್. ಪಕ್ಕದ ಪಾಕ್ ಕೊಲ್ಲಿಯಲ್ಲಿ 2022ರಲ್ಲಿ ಕಡಲಹಸುವಿಗೆ ಅಂತಲೇ 448 ಚದರ ಕಿಲೋಮೀಟರ್ ಮೀಸಲು ಮಾಡಿದ್ದಾರೆ. ಅದರ ಮೇಲೆ ಒಂದು ಪೂರ್ತಿ ಕ್ಲಾಸ್ ಮಾಡಬಹುದಿತ್ತು.

ವಿಡಿಯೋ ಕೆಳಗೆ ಕನ್ನಡ ಅಕ್ಷರ ಬರುತ್ತದೆ ಅಂತ ಜಾಹೀರಾತಿನಲ್ಲಿ ಇತ್ತು, ನಾನು ಸೇರಲು ಅದೂ ಒಂದು ಕಾರಣ. ಬಂತು, ಆದರೆ ಯಂತ್ರದ ಕನ್ನಡ. ಆಫ್‌ಶೋರ್ ಅಂದಲ್ಲೆಲ್ಲ 'ಕಡಲಾಚೆ' ಅಂತ ಬಂತು. ಕಡಲಾಚೆ ಅಂದರೆ ನಮಗೆ ಪರದೇಶ. ಇದು ಕಡಲೊಳಗಿನ ವಿಷಯ. ನೆಲಕ್ಕೆ ಬಡಿಯುವ ಪೈಲ್ 'ರಾಶಿ' ಆಗಿತ್ತು. ಬೇಸ್‌ಲೈನ್ ಅನ್ನುವುದು 'ತಳಗೆರೆ' ಆಗಿತ್ತು, ಮೊದಲ ಅಳತೆ ಅಂದಿದ್ದರೆ ಯಾರಿಗಾದರೂ ಅರ್ಥವಾಗುತ್ತಿತ್ತು. ಇದು ಸಣ್ಣ ವಿಷಯ ಅಲ್ಲ. ಅಹವಾಲು ಸಭೆಗೆ ಬರುವ ಸಾರಾಂಶವೂ ಇದೇ ಭಾಷೆಯಲ್ಲಿ ಬಂದರೆ ಜನ ಏನು ಓದುತ್ತಾರೆ, ಏನು ಕೇಳುತ್ತಾರೆ? ತಪ್ಪುಗಳ ಪಟ್ಟಿ ಮಾಡಿ ಕಳಿಸಿದೆ. ಮುಂದಿನ ಬ್ಯಾಚಿಗೆ ಕನ್ನಡ ಬಲ್ಲವರಿಂದ ಓದಿಸುತ್ತೇವೆ ಅಂತ ಉತ್ತರ ಬರೆದಿದ್ದಾರೆ.

ಇನ್ನೊಂದು, ಬ್ಯಾಚ್ ನಡೆದದ್ದು ಜೂನ್, ಜುಲೈನಲ್ಲಿ. ನಮ್ಮ ಕಡೆ ಆಗ ಮರ ಬಿದ್ದು ಮೂರು ದಿನ ಕರೆಂಟ್ ಇರುವುದಿಲ್ಲ. ಎರಡು ಲೈವ್ ಕ್ಲಾಸ್ ತಪ್ಪಿತು. ವಿಡಿಯೋ ಡೌನ್‌ಲೋಡ್ ಮಾಡಲು ಬಿಡುವುದಿಲ್ಲ, ಆನ್‌ಲೈನಲ್ಲೇ ನೋಡಬೇಕು. ಸಿಗ್ನಲ್‌ಗಾಗಿ ಕಣದ ಹಿಂದಿನ ಏರಿನಲ್ಲಿ ಕೊಡೆ ಹಿಡಿದು ನಿಂತು ನೋಡಿದ್ದೂ ಇದೆ. ಫೋನ್ ಮಾಡಿದರೆ ಎತ್ತುವವರಿಲ್ಲ, ಇಮೇಲ್‌ಗೆ ಮಾತ್ರ ಎರಡು ದಿನದಲ್ಲಿ ಉತ್ತರ.

ಆದರೆ ಗುಂಪು ಕೆಲಸ ಈ ಎಲ್ಲ ಕಷ್ಟ ಮರೆಸಿತು. ಕರ್ನಾಟಕದ ಸುಮಾರು 320 ಕಿಲೋಮೀಟರ್ ಕರಾವಳಿಯ ಎದುರು 500 ಮೆಗಾವ್ಯಾಟ್ ಗಾಳಿ ಯೋಜನೆ ಬಂದರೆ ಅಂತ ಒಂದು ಕಲ್ಪನೆ, ಅದನ್ನು ತೂಗಿ ನಾಲ್ಕು ಪುಟ ಬರೆಯಬೇಕು. ನಮ್ಮ ಗುಂಪಿನಲ್ಲಿ ಉಡುಪಿ ಕಡೆಯ ಒಬ್ಬ ಹುಡುಗಿ ಇದ್ದಳು, ಅವಳ ಅಪ್ಪ ಬೋಟಿಗೆ ಹೋಗುವವರು. ಕಡಲಿನ ಕಟ್ಟೆಗಳ ಸುತ್ತ 500 ಮೀಟರ್‌ವರೆಗೆ ಸುರಕ್ಷತಾ ವಲಯ ಇಡಬಹುದು ಅಂತ 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಹೇಳುತ್ತದೆ. ನಾವು ಅದನ್ನು ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೆವು. ಅವಳು ಕಾಗದದ ಮೇಲೆ ವೃತ್ತ ಬರೆದು ತೋರಿಸಿದಳು. ಯಂತ್ರಗಳು ಒಂದೊಂದು ಕಿಲೋಮೀಟರ್ ದೂರ ಇದ್ದರೆ ವೃತ್ತಕ್ಕೆ ವೃತ್ತ ತಾಗುತ್ತದೆ. "ನಕ್ಷೆಯಲ್ಲಿ ಖಾಲಿ ಕಾಣ್ತದೆ ಅಂಕಲ್, ಆದ್ರೆ ಬಲೆ ಎಳೆಯುವ ಬೋಟಿಗೆ ನಡುವೆ ದಾರಿಯೇ ಇಲ್ಲ. ಜೂನ್, ಜುಲೈ ಎರಡು ತಿಂಗಳು ಹೇಗೂ ಮೀನುಗಾರಿಕೆ ಬಂದ್. ಉಳಿದ ಹತ್ತು ತಿಂಗಳಿಂದ ಎಷ್ಟು ಕಳೀತೀರಿ ಅಂತ ಮೊದಲು ಬರೀರಿ" ಅಂದಳು. ಆರು ವಾರದಲ್ಲಿ ಯಾವ ಸ್ಲೈಡೂ ಕಲಿಸದ್ದನ್ನು ಆ ಹುಡುಗಿ ಐದು ನಿಮಿಷದಲ್ಲಿ ಕಲಿಸಿದಳು. ಪೂರ್ತಿ ಕೋರ್ಸಿನಲ್ಲಿ ಮೀನುಗಾರರ ಮಾತಿಗೆ ಕೊಟ್ಟದ್ದು ಅರ್ಧ ಗಂಟೆಯ ಒಂದು ವಿಡಿಯೋ ಮಾತ್ರ. ನನ್ನ ಪ್ರಕಾರ ಇದೇ ದೊಡ್ಡ ಕೊರತೆ.

ನಾವು ಕೊನೆಗೆ ಬರೆದದ್ದು ಇದು: ಯೋಜನೆ ಬರಲಿ, ಆದರೆ ಮಳೆಗಾಲವೂ ಸೇರಿ ಎರಡು ವರ್ಷದ ಮೊದಲ ಅಳತೆ ಆಗಲಿ, ಅಳೆಯುವವರಿಗೆ ಕಂಪನಿ ನೇರವಾಗಿ ದುಡ್ಡು ಕೊಡುವುದು ಬೇಡ, ದುಡ್ಡು ಒಂದು ನಿಧಿಗೆ ಹೋಗಿ ಅಲ್ಲಿಂದ ಬರಲಿ, ಮತ್ತು ಬೋಟಿನವರು ಎಲ್ಲಿ ಬಲೆ ಹಾಕುತ್ತಾರೆ ಅನ್ನುವ ನಕ್ಷೆಯನ್ನು ಅವರ ಜೊತೆ ಕೂತು ಮಾಡಲಿ. ನಮಗೆ ಹತ್ತಕ್ಕೆ ಏಳು ಅಂಕ ಬಂತು. ಖರ್ಚಿನ ಲೆಕ್ಕ ಕಡಿಮೆ ಆಯಿತು ಅಂತ ಮೂರು ಕಳೆದರು, ಅದು ಸರಿಯೇ.

ಒಟ್ಟು ನನ್ನ ಲೆಕ್ಕ ಐದಕ್ಕೆ ಮೂರೂವರೆ. ಟೀಚರ್‌ಗೆ ಐದಕ್ಕೆ ಐದು. ಪರಿಸರ, ಕಾನೂನು ಓದುವ ಮಕ್ಕಳು, ಪತ್ರಕರ್ತರು, ಪಂಚಾಯ್ತಿ ಸದಸ್ಯರು ಸೇರಬಹುದು. ವಿಜ್ಞಾನ ಓದಿರಲೇಬೇಕು ಅಂತಿಲ್ಲ. ಸೇರುವ ಮೊದಲು ಮೂರು ಕೇಳಿಕೊಳ್ಳಿ: ವಿಡಿಯೋ ಡೌನ್‌ಲೋಡ್ ಮಾಡಲು ಬಿಡುತ್ತಾರಾ, ಕನ್ನಡವನ್ನು ಮನುಷ್ಯರು ಓದಿ ನೋಡಿದ್ದಾರಾ, ಬ್ಯಾಚ್ ಯಾವ ತಿಂಗಳು. ಕೊಡಗಿನವರು ಜೂನ್ ಬ್ಯಾಚ್ ಬಿಟ್ಟು ಅಕ್ಟೋಬರ್ ಬ್ಯಾಚ್ ಹಿಡಿಯಿರಿ, ಆದರೆ ನವೆಂಬರ್ ಕೊನೆಗೆ ಹಣ್ಣು ಕೊಯ್ಲು ಶುರುವಾಗುತ್ತದೆ ಅನ್ನುವುದೂ ನೆನಪಿರಲಿ.

ಮುಂದಿನ ಬ್ಯಾಚಿಗೆ ಮೀನುಗಾರರ ಮನೆಯವರಿಗೆ ಅರ್ಧ ಫೀಸ್ ಮಾಡಿ ಅಂತ ನಮ್ಮ ಗುಂಪಿನ ನಾಲ್ಕೂ ಜನ ಸೇರಿ ಬರೆದಿದ್ದೆವು, ಒಪ್ಪಿದ್ದಾರೆ. ಮಂಗಳೂರಿನಿಂದ ನಮ್ಮ ಊರಿಗೆ ಗಾಡಿಯಲ್ಲಿ ಮೀನು ತರುವ ಹುಡುಗನಿಗೆ ಲಿಂಕ್ ಕಳಿಸಿದೆ, ಅವನ ಅಣ್ಣ ಬೋಟಿನಲ್ಲಿ ಇದ್ದಾನೆ. ಮೊನ್ನೆ ಮತ್ತಿ ಮೀನು ತೂಗಿಕೊಡುತ್ತಾ, "ಅಣ್ಣ ಸೇರ್ತಾನಂತೆ ಸಾರ್, ಆದ್ರೆ ಶನಿವಾರ ಏಳು ಗಂಟೆಗೆ ಅವನು ನೀರಿನ ಮೇಲೆ ಇರ್ತಾನೆ, ಬೇರೆ ಹೊತ್ತು ಇಡೋಕಾಗುತ್ತಾ ಕೇಳಿ" ಅಂದ. ಇವತ್ತು ಬೆಳಿಗ್ಗೆ ಮಳೆ ಅಳತೆ ಬರೆದಿಟ್ಟು, ಆ ಇಮೇಲನ್ನೂ ಕಳಿಸಿದ್ದೇನೆ. ಉತ್ತರ ಬಂದರೆ ಇಲ್ಲೇ ಬರೆಯುತ್ತೇನೆ.